ತೂಕ ಇಳಿಸೋರು ಊಟದ ಅಳತೆ ಸರಿಯಾಗಿ ಹಿಡಿಯೋದು ಹೇಗೆ: ಹಂತ ಹಂತವಾಗಿ ಸಮಗ್ರ ಮಾರ್ಗದರ್ಶಿ

"ಎಲ್ಲಾ ಬರೆದಿಡ್ತಿದ್ದೀನಿ, ದಿನಕ್ಕೆ 1500 ಕ್ಯಾಲೊರಿ ದಾಟ್ತಿಲ್ಲ, ಆದ್ರೂ ತೂಕ ಅಲ್ಲಾಡ್ತಿಲ್ಲ." ಹೀಗೆ ಹೇಳೋರು ಸುಳ್ಳು ಹೇಳ್ತಿರಲ್ಲ, ಸೋಮಾರಿಗಳೂ ಅಲ್ಲ. ಬರೆಯೋದೇನೋ ಬರೀತಾರೆ, ಆದ್ರೆ ಊಟ ಆದ್ಮೇಲೆ ನೆನಪಿನಿಂದ ಬರೀತಾರೆ, ಹಸಿ ಅಕ್ಕಿ ತೂಗಿ ಬೆಂದ ಅನ್ನದ ಲೆಕ್ಕ ಹಾಕ್ತಾರೆ, ಎಣ್ಣೆ ಸ್ವಲ್ಪಾನೇ ತಾನೆ ಅಂತ ಬಿಟ್ಟೇಬಿಡ್ತಾರೆ. 1992ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಚಿಕ್ಕ ಅಧ್ಯಯನ ಬಂದಿತ್ತು. ಎಷ್ಟು ಡಯಟ್ ಮಾಡಿದ್ರೂ ತೂಕ ಇಳಿಯಲ್ಲ ಅಂತಿದ್ದವರು ನಿಜವಾಗ್ಲೂ ಎಷ್ಟು ತಿಂತಿದ್ದಾರೆ ಅಂತ ಅಳೆದು ನೋಡಿದ್ರೆ, ಅವರು ಬರೆದಿದ್ದು ತಿಂದಿದ್ದಕ್ಕಿಂತ ಸರಾಸರಿ ಶೇಕಡ 47ರಷ್ಟು ಕಮ್ಮಿ ಇತ್ತು.

ಹಾಗಾಗಿ ತಪ್ಪು ಇರೋದು ಕೂಡೋ ಕಳೆಯೋ ಲೆಕ್ಕದಲ್ಲಲ್ಲ. ಯಾವಾಗ ತೂಗ್ತೀರಿ, ಯಾವುದನ್ನ ತೂಗ್ತೀರಿ, ತೂಗಿದ್ದನ್ನ ಯಾವ ಹೆಸರಲ್ಲಿ ಬರೀತೀರಿ, ಈ ಮೂರರಲ್ಲಿದೆ. ಕೆಳಗಿನ ಹಂತಗಳನ್ನ ಅದೇ ಕ್ರಮದಲ್ಲಿ ಮಾಡಿ, ಮಧ್ಯದಿಂದ ಶುರು ಮಾಡಿದ್ರೆ ಮತ್ತೆ ಅದೇ ಕತೆ ಆಗುತ್ತೆ.

ಶುರು ಮಾಡೋಕೆ ಮುಂಚೆ: ಯಾರು ಡಾಕ್ಟರ್ ಕೇಳ್ಬೇಕು

ಗರ್ಭಿಣಿಯರು, ಎದೆಹಾಲು ಕುಡಿಸೋ ತಾಯಂದಿರು, 18 ತುಂಬದವರು, ಕಿಡ್ನಿ ತೊಂದರೆ ಇರೋರು ತಾವಾಗೇ ಕ್ಯಾಲೊರಿ ಕಮ್ಮಿ ಮಾಡೋಕೆ ಹೋಗ್ಬೇಡಿ. ಇನ್ಸುಲಿನ್ ಇಲ್ಲಾ ಶುಗರ್ ಇಳಿಸೋ ಮಾತ್ರೆ ತಗೊಳೋರು ಔಷಧಿಯ ಡೋಸ್ ಹಾಗೇ ಇಟ್ಕೊಂಡು ಊಟ ಮಾತ್ರ ಕಮ್ಮಿ ಮಾಡಿದ್ರೆ ಶುಗರ್ ಪೂರ್ತಿ ಕೆಳಗೆ ಬೀಳಬಹುದು, ಅದು ಅಪಾಯ. ಹಿಂದೆ ಯಾವಾಗಾದ್ರೂ ಊಟ ಬಿಡೋದು, ತಿಂದು ವಾಂತಿ ಮಾಡೋದು ಇಂಥ ಸಮಸ್ಯೆ ಇದ್ದವರಿಗೆ ಈ ತೂಗೋ ಅಭ್ಯಾಸವೇ ಒಳ್ಳೇದಲ್ಲ, ಬೇರೆ ದಾರಿ ಇದೆ, ಡಾಕ್ಟರ್ ಹತ್ರ ಮಾತಾಡಿ.

ಬೇಕಾಗೋ ಸಾಮಾನು

ಒಂದು ಡಿಜಿಟಲ್ ಅಡುಗೆಮನೆ ಸ್ಕೇಲ್. 1 ಗ್ರಾಂ ಲೆಕ್ಕದಲ್ಲಿ ತೋರಿಸ್ಬೇಕು, 5 ಕೆಜಿ ತನಕ ತಡೀಬೇಕು, ಯಾಕಂದ್ರೆ ಅಡುಗೆ ತುಂಬಿದ ಪಾತ್ರೆಯನ್ನೇ ಅದರ ಮೇಲೆ ಇಡೋದಿರುತ್ತೆ. ತೂಕವನ್ನ ಮತ್ತೆ ಸೊನ್ನೆ ಮಾಡೋ ಬಟನ್ ಇರ್ಲೇಬೇಕು, ಅದಕ್ಕೆ ಟೇರ್ ಅಂತಾರೆ. ಮುಳ್ಳಿನ ಸ್ಪ್ರಿಂಗ್ ತಕ್ಕಡಿ ಬೇಡ, ಅದರಲ್ಲಿ 10 ಗ್ರಾಂ ಎಣ್ಣೆ ಕಾಣೋದೇ ಇಲ್ಲ. 0.1 ಗ್ರಾಂ ತೋರಿಸೋ ಸಣ್ಣ ಸ್ಕೇಲಿಗೆ ದುಡ್ಡು ಹಾಕೋದು ದಂಡ, ಊಟಕ್ಕೆ ಅಷ್ಟು ಸೂಕ್ಷ್ಮ ಬೇಕಾಗಲ್ಲ.

ಒಂದು ನೋಟ್‌ಬುಕ್ ಇಲ್ಲಾ ಫೋನಿನ ಆ್ಯಪ್, ಯಾವುದಾದ್ರೂ ಸರಿ. ಪಾತ್ರೆಗಳ ತೂಕ ಬರೆದು ಗೋಡೆಗೋ ಕಪಾಟಿಗೋ ಅಂಟಿಸೋಕೆ ಒಂದು ಚೀಟಿ. ಸ್ಕೇಲಿಗೆ ಒಂದು ಸೆಟ್ ಎಕ್ಸ್‌ಟ್ರಾ ಬ್ಯಾಟರಿ. ಮೈತೂಕ ನೋಡೋ ಮಷಿನ್. ಇಷ್ಟೇ.

ಕಪ್ಪು, ಚಮಚ ಸಾಲಲ್ವಾ ಅಂತ ಕೇಳ್ತಾರೆ. ಸಾಲಲ್ಲ. ಕಪ್ಪೇ ಒಂದು ಕಡೆ 240 ಎಂಎಲ್, ಇನ್ನೊಂದು ಕಡೆ 250. ದೊಡ್ಡ ಚಮಚ ಬಹುತೇಕ ಕಡೆ 15 ಎಂಎಲ್, ಆಸ್ಟ್ರೇಲಿಯಾದಲ್ಲಿ 20. ಅದು ಹೋಗ್ಲಿ, ಒಂದೇ ಕಪ್ಪಲ್ಲಿ ಹಿಟ್ಟನ್ನ ಮೆಲ್ಲಗೆ ಉದುರಿಸಿ ತುಂಬಿದ್ರೆ 120 ಗ್ರಾಂ ಬರುತ್ತೆ, ಡಬ್ಬಕ್ಕೆ ಕಪ್ಪು ಹಾಕಿ ಒತ್ತಿ ಎತ್ತಿದ್ರೆ 150 ಆಗ್ಬಿಡುತ್ತೆ. ಗ್ರಾಂಗೆ ಈ ತಂಟೆ ಇಲ್ಲ.

ಹಂತ 1: ಸ್ಕೇಲ್ ಸರಿ ಇದ್ಯಾ ನೋಡಿ

ಗಟ್ಟಿಯಾದ, ಸಮತಟ್ಟಾದ ಜಾಗದಲ್ಲಿಡಿ. ಬಟ್ಟೆ ಮೇಲೆ, ಮ್ಯಾಟ್ ಮೇಲೆ ಇಟ್ರೆ ತೂಕ ತಪ್ಪು ಬರುತ್ತೆ. ಒಂದಷ್ಟು ನಾಣ್ಯ ತಗೊಂಡು ತೂಗಿ, ನಾಣ್ಯಗಳಿಗೆ ಸರಕಾರ ಗೊತ್ತುಮಾಡಿದ ತೂಕ ಇರುತ್ತೆ, ಹುಡುಕಿದ್ರೆ ಸಿಗುತ್ತೆ, ಅದಕ್ಕೆ ತಾಳೆ ಹಾಕಿ. ಅವನ್ನೇ ಸ್ಕೇಲಿನ ನಾಲ್ಕೂ ಮೂಲೆಯಲ್ಲಿಟ್ಟು ನೋಡಿ. ಮೂಲೆಯಿಂದ ಮೂಲೆಗೆ 2-3 ಗ್ರಾಂ ಮೇಲೆ ವ್ಯತ್ಯಾಸ ಬಂದ್ರೆ ಯಾವಾಗ್ಲೂ ಮಧ್ಯದಲ್ಲೇ ಇಡೋ ಅಭ್ಯಾಸ ಮಾಡ್ಕೊಳ್ಳಿ.

ಅಗ್ಗದ ಸ್ಕೇಲುಗಳಲ್ಲಿ ಒಂದು ಕಿರಿಕ್ ಇದೆ. ಚೂರು ಚೂರೇ, ನಿಧಾನಕ್ಕೆ ಉದುರಿಸ್ತಾ ಹೋದ್ರೆ ಅದನ್ನ ತೂಕ ಅಂತ ಲೆಕ್ಕಕ್ಕೇ ತಗೊಳಲ್ಲ, ಸೊನ್ನೆಯಲ್ಲೇ ನಿಂತಿರುತ್ತೆ. ಅಂಥ ಟೈಮಲ್ಲಿ ಬಟ್ಟಲನ್ನ ಒಂದ್ಸಲ ಎತ್ತಿ ಮತ್ತೆ ಇಡಿ, ಸರಿಯಾದ ತೂಕ ಬರುತ್ತೆ. ಇನ್ನೊಂದು, ಕೆಲವು ಸ್ಕೇಲುಗಳು ಸ್ವಲ್ಪ ಹೊತ್ತು ಸುಮ್ನಿದ್ರೆ ತಾವೇ ಆಫ್ ಆಗ್ತವೆ, ಆಮೇಲೆ ಆನ್ ಮಾಡಿದ್ರೆ ತಟ್ಟೆ ಸಮೇತ ಎಲ್ಲಾ ಸೊನ್ನೆ. ಅದಕ್ಕೇ ಖಾಲಿ ತಟ್ಟೆ, ಬಟ್ಟಲಿನ ತೂಕ ಮೊದಲೇ ಬರೆದಿಟ್ಕೊಂಡಿರಿ. ಯೂನಿಟ್ ಬಟನ್ ಕೈತಪ್ಪಿ ಒತ್ತಿ ಔನ್ಸಿಗೆ ಹೋಗಿರುತ್ತೆ, ಅದನ್ನೂ ಒಂದು ಕಣ್ಣು ನೋಡಿ.

ಹಂತ 2: ಮೊದಲ ವಾರ ಏನೂ ಕಮ್ಮಿ ಮಾಡ್ಬೇಡಿ

ಎಲ್ಲರೂ ಹಾರಿಸೋ ಹಂತ ಇದು. ಮೊದಲ ದಿನಾನೇ ಊಟ ಅರ್ಧ ಮಾಡಿ, ಅದರ ಜೊತೆಗೇ ತೂಗೋದನ್ನೂ ಕಲಿಯೋಕೆ ಹೋಗ್ತಾರೆ, ಹಸಿವೂ ತಡೆಯೋಕಾಗ್ದೆ ತೂಗೋದೂ ಸರಿ ಹೋಗ್ದೆ ವಾರದೊಳಗೆ ಕೈ ಬಿಡ್ತಾರೆ. ಒಂದು ವಾರ ಯಾವಾಗ್ಲೂ ತಿನ್ನೋದನ್ನೇ ತಿನ್ನಿ, ಆದ್ರೆ ತೂಗಿ ಬರೆದು ತಿನ್ನಿ. ರಜಾ ದಿನಾನೂ ಸೇರಿ ಪೂರ್ತಿ ಏಳು ದಿನ. ಬೆಳಗ್ಗೆ ಎದ್ದು ಟಾಯ್ಲೆಟ್‌ಗೆ ಹೋಗಿಬಂದು, ಏನೂ ಕುಡಿಯೋ ಮುಂಚೆ ಮೈತೂಕ ನೋಡಿ ಅದನ್ನೂ ಬರೀರಿ.

ಈ ವಾರದ ಸರಾಸರಿ ಕ್ಯಾಲೊರಿಯೇ ನಿಮ್ಮ ನಿಜವಾದ ಶುರುವಿನ ಅಂಕಿ, ಯಾವ ಆನ್‌ಲೈನ್ ಕ್ಯಾಲ್ಕ್ಯುಲೇಟರ್‌ಗಿಂತಲೂ ಇದು ನಿಮ್ಮ ಮೈಗೆ ಹತ್ತಿರ. ಮುಂದೆ ಇದರಿಂದ ದಿನಕ್ಕೆ 300ರಿಂದ 500 ಕಳೆದ್ರೆ ಸಾಕು.

ಹಂತ 3: ಹಸಿಯೋ ಬೆಂದಿದ್ದೋ ತೀರ್ಮಾನ ಮಾಡಿ, ಬರೆಯೋದನ್ನೂ ಅದಕ್ಕೇ ಹೊಂದಿಸಿ

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ, ಅತಿ ದೊಡ್ಡ ತಪ್ಪುಗಳು ಆಗೋದು ಇಲ್ಲೇ.

ಬೇಯಿಸಿದಾಗ ಕ್ಯಾಲೊರಿ ಎಲ್ಲೂ ಹೋಗಲ್ಲ, ಬದಲಾಗೋದು ನೀರು. ಅಕ್ಕಿ, ಪಾಸ್ತಾ, ಬೇಳೆ ನೀರು ಕುಡಿದು ತೂಕ ಏರ್ತವೆ, ಮಾಂಸ ನೀರು ಬಿಟ್ಟು ತೂಕ ಇಳಿಯುತ್ತೆ. 100 ಗ್ರಾಂ ಹಸಿ ಅಕ್ಕಿಯಲ್ಲಿ ಸುಮಾರು 360 ಕ್ಯಾಲೊರಿ, ಅದೇ 100 ಗ್ರಾಂ ಅನ್ನದಲ್ಲಿ ಸುಮಾರು 130. ಒಣ ಪಾಸ್ತಾ 370ರ ಹತ್ತಿರ, ಬೆಂದಿದ್ದು 155ರ ಆಸುಪಾಸು. ಚರ್ಮ ಇಲ್ಲದ ಚಿಕನ್ ಬ್ರೆಸ್ಟ್ ಹಸಿಯಾಗಿದ್ದಾಗ 120, ಬೆಂದ ಮೇಲೆ 165, ಯಾಕಂದ್ರೆ 100 ಗ್ರಾಂ ಹಸಿ ಮಾಂಸ ಬೇಯೋ ಹೊತ್ತಿಗೆ 75 ಗ್ರಾಂ ಆಗಿರುತ್ತೆ.

ಈಗ ತಪ್ಪು ಹೇಗಾಗುತ್ತೆ ನೋಡಿ. 75 ಗ್ರಾಂ ಹಸಿ ಅಕ್ಕಿ ತೂಗಿ ಆ್ಯಪಲ್ಲಿ ಅನ್ನ ಅಂತ ಹುಡುಕಿ ಮೊದಲು ಬಂದಿದ್ದನ್ನ ಒತ್ತಿದ್ರಿ, ಅದು ಬೆಂದ ಅನ್ನದ ಲೆಕ್ಕ, 98 ಕ್ಯಾಲೊರಿ ಅಂತ ತೋರಿಸ್ತು. ತಿಂದಿದ್ದು ನಿಜಕ್ಕೂ 270. ಒಂದೇ ಹೊತ್ತಿಗೆ 170 ಮಾಯ, ದಿನಕ್ಕೆ ಎರಡು ಸಲ ಹೀಗಾದ್ರೆ ನೀವು ಕಷ್ಟಪಟ್ಟು ಕಮ್ಮಿ ಮಾಡಿದ್ದೆಲ್ಲ ಅಲ್ಲಿಗೇ ಸಮ. ಉಲ್ಟಾನೂ ಆಗುತ್ತೆ, 200 ಗ್ರಾಂ ಅನ್ನ ತೂಗಿ ಹಸಿ ಅಕ್ಕಿ ಅಂತ ಬರೆದ್ರೆ 260 ಇರೋದು 720 ಆಗಿ ಕಾಣುತ್ತೆ, ಹೆದರಿ ಸಾಯಂಕಾಲ ಉಪವಾಸ ಬೀಳ್ತೀರಿ, ರಾತ್ರಿ ಹನ್ನೊಂದಕ್ಕೆ ಫ್ರಿಜ್ ಬಾಗಿಲು ತೆಗೀತೀರಿ.

ನನ್ನ ಸಲಹೆ: ಆದಷ್ಟೂ ಹಸಿಯಾಗಿದ್ದಾಗಲೇ ತೂಗಿ. ಯಾಕಂದ್ರೆ ಅನ್ನ ಒಂದು ದಿನ ಉದುರುದುರಾಗಿ ಆಗುತ್ತೆ, ಇನ್ನೊಂದು ದಿನ ಮುದ್ದೆಯಾಗುತ್ತೆ, ನೀರು ಎಷ್ಟು ಕುಡಿದಿದೆ ಅನ್ನೋದರ ಮೇಲೆ ಬೆಂದ ತೂಕ ದಿನಾ ಬೇರೆ, ಹಸಿ ತೂಕಕ್ಕೆ ಆ ಅನಿಶ್ಚಿತತೆ ಇಲ್ಲ. ಪ್ಯಾಕೆಟ್ ಮೇಲೆ ಬರೆದಿರೋದೂ ಸಾಮಾನ್ಯವಾಗಿ ಒಳಗೆ ಹೇಗಿದ್ಯೋ ಹಾಗೆ, ಅಂದ್ರೆ ಬೇಯಿಸೋ ಮುಂಚಿನ ಲೆಕ್ಕ. ಹಸಿ ತೂಗೋಕೆ ಆಗ್ಲಿಲ್ಲ ಅಂದ್ರೆ ಬೆಂದಿದ್ದನ್ನೇ ತೂಗಿ, ತೊಂದರೆ ಇಲ್ಲ, ಆದ್ರೆ ಬರೆಯೋವಾಗ ಬೆಂದಿದ್ದು ಅಂತಿರೋ ಎಂಟ್ರಿಯನ್ನೇ ತಗೊಳ್ಳಿ. ಹಸಿ ಅಂತಾನೋ ಬೆಂದಿದ್ದು ಅಂತಾನೋ ಸ್ಪಷ್ಟವಾಗಿ ಬರೀದೇ ಇರೋ ಎಂಟ್ರಿ ಮುಟ್ಟಲೇಬೇಡಿ.

ಹಂತ 4: ಎಣ್ಣೆ, ಬೆಣ್ಣೆ, ಬೀಜಗಳು

ಒಂದು ಗ್ರಾಂ ಕೊಬ್ಬಲ್ಲಿ 9 ಕ್ಯಾಲೊರಿ, ಪ್ರೋಟೀನ್ ಮತ್ತು ಕಾರ್ಬ್‌ನಲ್ಲಿ (ಅಂದ್ರೆ ಪಿಷ್ಟ, ಸಕ್ಕರೆ ಅಂಶ) 4. ಸೌತೆಕಾಯಿ ತೂಗೋವಾಗ 50 ಗ್ರಾಂ ಹೆಚ್ಚುಕಮ್ಮಿ ಆದ್ರೆ ತಪ್ಪೋದು 8 ಕ್ಯಾಲೊರಿ. ಎಣ್ಣೆಯಲ್ಲಿ ಬರೀ 10 ಗ್ರಾಂ ತಪ್ಪಿದ್ರೆ 88. ಹಾಗಾಗಿ ಶ್ರದ್ಧೆ ಎಲ್ಲಿಡ್ಬೇಕು ಅನ್ನೋದು ಗೊತ್ತಾಯ್ತಲ್ಲ. ಸೊಪ್ಪು ಸೌತೆಕಾಯಿಯನ್ನ ಗ್ರಾಂ ಲೆಕ್ಕದಲ್ಲಿ ಬರೆದು ಒಗ್ಗರಣೆ ಎಣ್ಣೆಯನ್ನ ಅಂದಾಜಿಗೆ ಬಿಡೋರನ್ನ ನೋಡಿದ್ರೆ ನನಗೆ ನಗು ಬರುತ್ತೆ, ಬೇಜಾರೂ ಆಗುತ್ತೆ.

ಎಣ್ಣೆ ತೂಗೋಕೆ ಸುಲಭದ ದಾರಿ ಅಂದ್ರೆ ಬಾಟಲಿಯನ್ನೇ ಸ್ಕೇಲ್ ಮೇಲಿಟ್ಟು ಸೊನ್ನೆ ಮಾಡೋದು. ಆಮೇಲೆ ಎತ್ಕೊಂಡು ಬಾಣಲೆಗೆ ಬೇಕಾದಷ್ಟು ಹಾಕಿ, ಬಾಟಲಿ ವಾಪಸ್ ಸ್ಕೇಲ್ ಮೇಲಿಡಿ, ಮೈನಸ್ 14 ಅಂತ ತೋರಿಸಿದ್ರೆ ನೀವು ಹಾಕಿದ್ದು 14 ಗ್ರಾಂ. ಚಮಚ ಬೇಡ, ಪಾತ್ರೆ ತೊಳೆಯೋದು ಬೇಡ, ಚಮಚಕ್ಕೆ ಅಂಟಿ ಉಳಿಯೋದೂ ಇಲ್ಲ. ಪೀನಟ್ ಬಟರ್, ಜೇನುತುಪ್ಪ, ಬೆಣ್ಣೆ, ಚೀಸ್ ಎಲ್ಲಕ್ಕೂ ಇದೇ ಉಪಾಯ.

ಕೆಲವು ಅಂಕಿ ಬಾಯಿಪಾಠ ಇರ್ಲಿ. 15 ಎಂಎಲ್ ಎಣ್ಣೆ ಅಂದ್ರೆ ಸುಮಾರು 13.5 ಗ್ರಾಂ, 120 ಕ್ಯಾಲೊರಿ, ಅದು ಯಾವ ಎಣ್ಣೆಯಾದ್ರೂ ಅಷ್ಟೇ, ಆರೋಗ್ಯಕ್ಕೆ ಒಳ್ಳೇದು ಅಂತ ಹೇಳೋ ಆಲಿವ್ ಎಣ್ಣೆಗೂ ಅಷ್ಟೇ. ಪೀನಟ್ ಬಟರ್ ಚಮಚದ ಅಂಚಿಗೆ ಸಮ ಮಾಡಿದ್ರೆ 16 ಗ್ರಾಂ, 95 ಕ್ಯಾಲೊರಿ, ಆದ್ರೆ ಯಾರೂ ಸಮ ಮಾಡಲ್ಲ, ಗೋಪುರದ ಥರ ಎತ್ತಿದ್ರೆ ಎರಡರಷ್ಟಾಗುತ್ತೆ. ಬಾದಾಮಿ 28 ಗ್ರಾಂ ಅಂದ್ರೆ 23 ಬೀಜ, 164 ಕ್ಯಾಲೊರಿ. ಒಂದು ಹಿಡಿ ಅಂತ ಬರೀಬೇಡಿ, ಹಿಡಿ ಯಾರದ್ದು, ಎಷ್ಟು ಹಸಿವಾಗಿತ್ತು ಅನ್ನೋದರ ಮೇಲೆ ಅದು ಬದಲಾಗುತ್ತೆ.

ಸ್ಪ್ರೇ ಎಣ್ಣೆ ಡಬ್ಬದ ಮೇಲೆ ಸೊನ್ನೆ ಕ್ಯಾಲೊರಿ ಅಂತಿರುತ್ತಲ್ಲ, ಅದನ್ನ ನಂಬಿ ಬಾಣಲೆ ತುಂಬಾ ಹೊಡೀಬೇಡಿ. ಅಮೆರಿಕದ ಲೇಬಲ್ ನಿಯಮದಲ್ಲಿ ಒಂದು ಸರ್ವಿಂಗಿಗೆ, ಅಂದ್ರೆ ಡಬ್ಬದ ಮೇಲೆ ಬರೆದಿರೋ ಒಂದು ಸಲದ ಅಳತೆಗೆ, 5 ಕ್ಯಾಲೊರಿಗಿಂತ ಕಮ್ಮಿ ಇದ್ರೆ ಸೊನ್ನೆ ಅಂತ ಬರೆಯೋಕೆ ಅವಕಾಶ ಇದೆ, ಅಲ್ಲಿ ಸರ್ವಿಂಗ್ ಅಂದ್ರೆ ಸೆಕೆಂಡಿನ ಕಾಲುಭಾಗ ಒತ್ತೋದು. ಒಳಗಿರೋದು ಎಣ್ಣೆಯೇ. ಅದನ್ನೂ ಬಾಟಲಿ ತೂಗಿ ಕಳೀರಿ.

ಕರಿದ ತಿಂಡಿಗೆ, ಕರಿಯೋ ಮುಂಚೆ ಬಾಣಲೆ ಎಣ್ಣೆ ಸಮೇತ ತೂಗಿ, ಕರಿದು ಎಣ್ಣೆ ಪೂರ್ತಿ ತಣ್ಣಗಾದ ಮೇಲೆ ಮತ್ತೆ ತೂಗಿ. ವ್ಯತ್ಯಾಸವೇ ಹೀರಿದ್ದು ಅಂತ ತಗೊಳ್ಳಿ, ಅಕ್ಕಪಕ್ಕ ಸಿಡಿದಿದ್ದೂ ಅದರಲ್ಲೇ ಸೇರಿರುತ್ತೆ, ಪರವಾಗಿಲ್ಲ. ಬಿಸಿ ಎಣ್ಣೆ ಮಾತ್ರ ಸ್ಕೇಲ್ ಹತ್ರ ತರ್ಬೇಡಿ.

ಹಂತ 5: ಒಂದೇ ಪಾತ್ರೆಯಲ್ಲಿ ಎಲ್ಲರಿಗೂ ಮಾಡಿದ ಅಡುಗೆ

"ಮನೆಮಂದಿಗೆಲ್ಲಾ ಒಟ್ಟಿಗೆ ಮಾಡ್ತೀವಿ, ನನ್ನ ಪಾಲು ಹೇಗೆ ಲೆಕ್ಕ ಹಾಕೋದು?" ಅಂತ ಕೇಳಿ ಇಲ್ಲೇ ಅರ್ಧ ಜನ ಬಿಟ್ಟುಬಿಡ್ತಾರೆ. ಕಷ್ಟ ಏನಿಲ್ಲ, ಒಂದು ಸಲ ಮಾಡಿದ್ರೆ ಅಭ್ಯಾಸ ಆಗುತ್ತೆ.

ಮೊದಲು ಮನೆಯಲ್ಲಿರೋ ಖಾಲಿ ಪಾತ್ರೆಗಳನ್ನೆಲ್ಲ ತೂಗಿ ಚೀಟಿಯಲ್ಲಿ ಬರೆದು ಅಂಟಿಸಿ. ಅಡುಗೆ ಮಾಡೋವಾಗ ಹಾಕೋದನ್ನೆಲ್ಲ ಹಸಿಯಾಗೇ ತೂಗಿ ಬರೀರಿ. ನೀರು, ಉಪ್ಪು, ಮಸಾಲೆ ಪುಡಿ ಬರೆಯೋದು ಬೇಡ. ಅಡುಗೆ ಆದ್ಮೇಲೆ ಯಾರಿಗೂ ಬಡಿಸೋ ಮುಂಚೆ ಪಾತ್ರೆ ಸಮೇತ ತೂಗಿ, ಖಾಲಿ ಪಾತ್ರೆ ತೂಕ ಕಳೀರಿ. ಪಾತ್ರೆ ಬಿಸಿ ಇರುತ್ತೆ, ಸ್ಕೇಲ್ ಮೇಲೆ ಮರದ ಹಲಗೆ ಇಟ್ಟು ಸೊನ್ನೆ ಮಾಡಿ ಅದರ ಮೇಲಿಡಿ, ಇಲ್ಲಾಂದ್ರೆ ಸ್ಕೇಲಿನ ಗಾಜು, ಪ್ಲಾಸ್ಟಿಕ್ ಹಾಳಾಗುತ್ತೆ.

ಉದಾಹರಣೆಗೆ ಬೇಳೆ ಸಾರು ಇಟ್ಕೊಳ್ಳಿ. ಒಣ ಬೇಳೆ 200 ಗ್ರಾಂ, ಸುಮಾರು 700 ಕ್ಯಾಲೊರಿ. ಎಣ್ಣೆ 30 ಗ್ರಾಂ, 265. ಈರುಳ್ಳಿ 150 ಗ್ರಾಂ, 60. ಟೊಮೆಟೊ 200 ಗ್ರಾಂ, 36. ಒಟ್ಟು 1061. ಪಾತ್ರೆ ಸಮೇತ ತೂಕ 2190, ಖಾಲಿ ಪಾತ್ರೆ 840, ಅಂದ್ರೆ ಸಾರು 1350 ಗ್ರಾಂ. 1061ನ್ನ 1350ರಿಂದ ಭಾಗಿಸಿದ್ರೆ ಗ್ರಾಂಗೆ ಸುಮಾರು 0.786. ನಿಮ್ಮ ಬಟ್ಟಲಿಗೆ 280 ಗ್ರಾಂ ಹಾಕ್ಕೊಂಡ್ರೆ 220 ಕ್ಯಾಲೊರಿ. ಮಿಕ್ಕವರು ಎಷ್ಟು ತಿಂದ್ರು ಅನ್ನೋ ಚಿಂತೆ ನಿಮಗೆ ಬೇಡ.

ನಾಲ್ಕು ಜನ ಇದ್ದೀವಿ, ನಾಲ್ಕನೇ ಒಂದು ಭಾಗ ಅಂತ ಹಾಕೋದು ತಪ್ಪು, ಯಾವ ಮನೆಯಲ್ಲೂ ನಾಲ್ಕು ಜನ ಸಮ ತಿನ್ನಲ್ಲ. ಬಡಿಸ್ಕೊಳೋ ಮುಂಚೆ ತಳದಿಂದ ಚೆನ್ನಾಗಿ ಕದಡಿ, ಮೇಲಿನ ತಿಳಿ ಮಾತ್ರ ಬಂದ್ರೆ ಒಂದು ಲೆಕ್ಕ, ತಳದ ಗಟ್ಟಿ ಬಂದ್ರೆ ಇನ್ನೊಂದು. ಮಾಂಸದ ತುಂಡು, ಮೊಟ್ಟೆ ಇರೋ ಅಡುಗೆಯಾದ್ರೆ ತುಂಡನ್ನ ಬೇರೆ ತೂಗಿ, ಗ್ರೇವಿ ಬೇರೆ ತೂಗಿ. ಮರುದಿನ ಬಿಸಿ ಮಾಡಿದಾಗ ನೀರು ಇಂಗಿ ಗಟ್ಟಿಯಾಗಿದ್ರೆ ಹಳೇ ಗ್ರಾಂ ಲೆಕ್ಕ ಕೂಡಲ್ಲ, ಉಳಿದಿದ್ದನ್ನ ಫ್ರಿಜ್ಜಿಗೆ ಇಡೋವಾಗಲೇ ನಿಮ್ಮ ನಾಳೆಯ ಪಾಲು ತೂಗಿ ಬೇರೆ ಡಬ್ಬಿಗೆ ಹಾಕಿಟ್ರೆ ಈ ತಲೆನೋವೇ ಇರಲ್ಲ.

ಹಂತ 6: ತಟ್ಟೆ ಸ್ಕೇಲ್ ಮೇಲೆ, ಒಂದೊಂದಾಗಿ

ಖಾಲಿ ತಟ್ಟೆ ಇಡಿ, ಸೊನ್ನೆ ಮಾಡಿ, ಅನ್ನ ಹಾಕಿ, ಬರೀರಿ. ಮತ್ತೆ ಸೊನ್ನೆ, ಪಲ್ಯ, ಬರೀರಿ. ಬರೆದು ಮುಗಿಸಿದ ಮೇಲೇ ಕೂತ್ಕೊಳ್ಳಿ. ಆಮೇಲೆ ಬರೀತೀನಿ ಅಂದ್ರೆ ಎರಡನೇ ಸಲ ಹಾಕ್ಕೊಂಡಿದ್ದು ನೆನಪಿಂದ ಬಿಟ್ಟುಹೋಗುತ್ತೆ, ಇದು ಬುದ್ಧಿವಂತರಿಗೂ ಆಗುತ್ತೆ.

ತಿನ್ನೋ ಭಾಗ ಮಾತ್ರ ಲೆಕ್ಕ. ಬಾಳೆಹಣ್ಣಿನ ತೂಕದಲ್ಲಿ ಮೂರನೇ ಒಂದು ಭಾಗ ಸಿಪ್ಪೆ, ಸುಲಿದು ತೂಗಿ, 100 ಗ್ರಾಂಗೆ 89 ಕ್ಯಾಲೊರಿ. ಮೂಳೆ ಇರೋ ಮಾಂಸ ತಿಂದ್ರೆ ಊಟ ಆದ್ಮೇಲೆ ಮೂಳೆ ತೂಗಿ ಕಳೀರಿ. ತಟ್ಟೆಯಲ್ಲಿ ಬಿಟ್ಟಿದ್ದನ್ನೂ ಹಾಗೇ.

ಬ್ರೆಡ್ ಪ್ಯಾಕೆಟ್ ಮೇಲೆ ಒಂದು ಸ್ಲೈಸ್ 30 ಗ್ರಾಂ ಅಂತಿರುತ್ತೆ, ತೂಗಿದ್ರೆ 36 ಇರಬಹುದು. ಬಿಸ್ಕೆಟ್, ಕೇಕ್, ರೆಡಿಮೇಡ್ ತಿಂಡಿ ಎಲ್ಲದರಲ್ಲೂ ಇಷ್ಟು ಪೀಸ್ ಅನ್ನೋದನ್ನ ಬಿಟ್ಟು ಗ್ರಾಂ ನೋಡಿ.

ಹಂತ 7: ಆ್ಯಪಿನ ಎಂಟ್ರಿಯನ್ನ ಪರೀಕ್ಷೆ ಮಾಡಿ

ಸುಮಾರು ಆ್ಯಪ್‌ಗಳಲ್ಲಿ ಜನ ತಾವೇ ಸೇರಿಸಿದ ಎಂಟ್ರಿಗಳು ತುಂಬಿರ್ತವೆ. ಒಂದು ಬಟ್ಟಲು ಅಂತಿರುತ್ತೆ, ಎಷ್ಟು ದೊಡ್ಡ ಬಟ್ಟಲೋ ದೇವರಿಗೇ ಗೊತ್ತು. ಗ್ರಾಂ ಲೆಕ್ಕ ಇರೋ ಎಂಟ್ರಿ ಮಾತ್ರ ತಗೊಳ್ಳಿ. ಅಮೆರಿಕದ ಕೃಷಿ ಇಲಾಖೆಯ ಫುಡ್‌ಡೇಟಾ ಸೆಂಟ್ರಲ್ ಅನ್ನೋ ಆಹಾರದ ಮಾಹಿತಿ ವೆಬ್‌ಸೈಟ್ ಉಚಿತವಾಗಿ ಸಿಗುತ್ತೆ, ಪ್ಯಾಕೆಟ್ ಇಲ್ಲದ ಪದಾರ್ಥಕ್ಕೆ ಅದನ್ನ ನೋಡಿದ್ರೆ ಸಾಕು.

ಎಂಟ್ರಿ ಸರಿ ಇದ್ಯಾ ಅಂತ ನೋಡೋಕೆ ಅರ್ಧ ನಿಮಿಷದ ಲೆಕ್ಕ ಇದೆ. ಪ್ರೋಟೀನ್ ಇಂಟು 4, ಕಾರ್ಬ್ ಇಂಟು 4, ಕೊಬ್ಬು ಇಂಟು 9, ಮೂರನ್ನೂ ಕೂಡಿ. ಪ್ರೋಟೀನ್ 10, ಕಾರ್ಬ್ 20, ಕೊಬ್ಬು 5 ಇದ್ರೆ 40, 80, 45, ಒಟ್ಟು 165 ಬರ್ಬೇಕು. ಎಂಟ್ರಿಯಲ್ಲಿ 90 ಅಂತಿದ್ರೆ ಅದನ್ನ ಬಿಸಾಕಿ. ನಾರಿನಂಶ ಜಾಸ್ತಿ ಇದ್ರೆ ಸ್ವಲ್ಪ ಏರುಪೇರು ಬರುತ್ತೆ, ಅದು ಸಹಜ. ಕೆಲವು ದೇಶದ ಪ್ಯಾಕೆಟ್ಟಲ್ಲಿ ಕ್ಯಾಲೊರಿ ಬದಲು ಕಿಲೋಜೂಲ್ ಅನ್ನೋ ಇನ್ನೊಂದು ಅಳತೆ ಇರುತ್ತೆ, 4.184ರಿಂದ ಭಾಗಿಸಿದ್ರೆ ಕ್ಯಾಲೊರಿ ಸಿಗುತ್ತೆ, ಇದನ್ನ ಗಮನಿಸದೆ 800 ಕಿಲೋಜೂಲನ್ನ 800 ಕ್ಯಾಲೊರಿ ಅಂದ್ಕೊಂಡು ತಿಂಡಿ ಬಿಟ್ಟೋರೂ ಇದ್ದಾರೆ.

ಒಮ್ಮೆ ಪರೀಕ್ಷೆ ಮಾಡಿದ ಎಂಟ್ರಿಗಳನ್ನ ಫೇವರಿಟ್ ಮಾಡಿಟ್ಕೊಳ್ಳಿ. ಹೆಚ್ಚಿನವರು ಸುತ್ತಿ ಬಳಸಿ ಅದದೇ ಪದಾರ್ಥ ತಿನ್ನೋದು, ಎರಡು ವಾರದಲ್ಲಿ ಪಟ್ಟಿ ತಾನಾಗೇ ರೆಡಿಯಾಗುತ್ತೆ.

ಹಂತ 8: ಕುಡಿಯೋದು, ರುಚಿ ನೋಡೋದು, ಮಿಕ್ಕಿದ್ದು

ಕೊಬ್ಬು ಶೇಕಡ 3ರ ಆಸುಪಾಸಿರೋ ಹಾಲು 250 ಎಂಎಲ್ ಅಂದ್ರೆ ಸುಮಾರು 150 ಕ್ಯಾಲೊರಿ. ದಿನಕ್ಕೆ ನಾಲ್ಕು ಸಲ ಹಾಲು ಹಾಕಿದ ಕಾಫಿಯೋ ಟೀಯೋ ಕುಡಿಯೋರು ಹಾಲು, ಸಕ್ಕರೆ ಎರಡನ್ನೂ ಒಂದು ದಿನ ತೂಗಿ ನೋಡಿ. ಸಕ್ಕರೆ ಒಂದು ಟೀಚಮಚ 4 ಗ್ರಾಂ, 16 ಕ್ಯಾಲೊರಿ, ಸಮ ಮಾಡಿದ್ರೆ ಮಾತ್ರ. ಜ್ಯೂಸ್ ಲೆಕ್ಕಕ್ಕಿದೆ. ಮದ್ಯಾನೂ ಇದೆ, ಆಲ್ಕೋಹಾಲ್ ಗ್ರಾಂಗೆ 7.

ಅಡುಗೆ ಮಾಡ್ತಾ ಬಾಯಿಗೆ ಹಾಕ್ಕೊಳೋದು, ಮಕ್ಕಳ ತಟ್ಟೆಯಲ್ಲಿ ಬಿಟ್ಟಿದ್ದನ್ನ ದಂಡ ಆಗುತ್ತೆ ಅಂತ ತಿನ್ನೋದು, ಇದನ್ನ ತೂಗೋಕಾಗಲ್ಲ ನಿಜ. ಒಂದು ಖಾಲಿ ಬಟ್ಟಲು ಇಟ್ಕೊಳ್ಳಿ, ಬಾಯಿಗೆ ಹೋಗೋ ಬದಲು ಅಷ್ಟನ್ನೂ ಅದಕ್ಕೆ ಹಾಕಿ, ಒಂದು ದಿನ ಮಾತ್ರ, ರಾತ್ರಿ ತೂಗಿ. ಆಮೇಲೆ ನಿಮಗೇ ಗೊತ್ತಾಗುತ್ತೆ ಬರೀಬೇಕೋ ಬೇಡ್ವೋ ಅಂತ.

ಹಂತ 9: ಹೊರಗೆ ತಿಂದ ದಿನ

ಖಾಲಿ ಬಿಡ್ಬೇಡಿ, ಅಂದಾಜು ಬರೀರಿ. ಅಂದಾಜಿಗೆ ಕೈಯೇ ಅಳತೆ, ಆದ್ರೆ ಯಾರೋ ಹೇಳಿದ ಅಂಗೈ ಲೆಕ್ಕ ಅಲ್ಲ, ನಿಮ್ಮದೇ ಕೈ. ಮನೆಯಲ್ಲಿ ನಿಮ್ಮ ಮುಷ್ಟಿಯಷ್ಟು ಅನ್ನ, ಬೆರಳು ಬಿಟ್ಟು ಅಂಗೈಯಷ್ಟು ಅಗಲ ದಪ್ಪದ ಮಾಂಸ, ಹೆಬ್ಬೆರಳಷ್ಟು ಚೀಸ್ ಇಟ್ಟು ತೂಗಿ, ಮೂರೂ ಅಂಕಿ ಫೋನಲ್ಲಿ ಬರೆದಿಟ್ಕೊಳ್ಳಿ. ಹೋಟೆಲಲ್ಲಿ ಅದನ್ನ ನೋಡಿ ಹೇಳಿದ್ರೆ ಬಹಳ ದೂರ ಹೋಗಲ್ಲ. ಅಡುಗೆ ಹೊಳೀತಿದ್ರೆ ಒಂದು ದೊಡ್ಡ ಚಮಚ ಎಣ್ಣೆ ಸೇರಿಸಿ ಬರೀರಿ, ಎರಡು ಅಂದಾಜಿನ ನಡುವೆ ಗೊಂದಲ ಇದ್ರೆ ದೊಡ್ಡದನ್ನೇ ಹಾಕಿ. ಮರುದಿನ ಉಪವಾಸ ಮಾಡಿ ಸರಿದೂಗಿಸೋಕೆ ಹೋಗ್ಬೇಡಿ.

ಹಂತ 10: ಮೈತೂಕದಿಂದ ನಿಮ್ಮ ಲೆಕ್ಕವನ್ನೇ ತಾಳೆ ನೋಡಿ

ಎಷ್ಟೇ ಜಾಗ್ರತೆಯಿಂದ ತೂಗಿದ್ರೂ ಪೂರ್ತಿ ಸರಿಯಾದ ಲೆಕ್ಕ ಯಾರಿಗೂ ಸಿಗಲ್ಲ. ಲೇಬಲ್ಲೇ ಅಷ್ಟು ನಿಖರ ಅಲ್ಲ, ಅಮೆರಿಕದಲ್ಲಿ ಬರೆದಿರೋದಕ್ಕಿಂತ ಶೇಕಡ 20ರ ತನಕ ಕ್ಯಾಲೊರಿ ಜಾಸ್ತಿ ಇದ್ರೂ ನಿಯಮದೊಳಗೇ ಇರುತ್ತೆ. ಆದ್ರೆ ನೀವು ದಿನಾ ಒಂದೇ ರೀತಿ ತೂಗ್ತಿದ್ರೆ ತಪ್ಪೂ ದಿನಾ ಒಂದೇ ಇರುತ್ತೆ, ಆ ತಪ್ಪನ್ನ ಮೈತೂಕದಿಂದ ಹಿಡೀಬಹುದು.

ದಿನಾ ಬೆಳಗ್ಗೆ ತೂಕ ನೋಡಿ, ಆದ್ರೆ ದಿನದ ಅಂಕಿಗೆ ಬೆಲೆ ಕೊಡ್ಬೇಡಿ. ಉಪ್ಪು ಜಾಸ್ತಿ ತಿಂದ ಮರುದಿನ, ಮುಟ್ಟಿನ ಮುಂಚಿನ ದಿನಗಳಲ್ಲಿ, ಗಟ್ಟಿಯಾಗಿ ವ್ಯಾಯಾಮ ಮಾಡಿದ ಮೇಲೆ 1-2 ಕೆಜಿ ನೀರೇ ಏರಿಳಿಯುತ್ತೆ. ಏಳು ದಿನದ ಸರಾಸರಿ ತೆಗೆದು ವಾರಕ್ಕೆ ವಾರ ಹೋಲಿಸಿ. ಡಯಟ್ ಶುರು ಮಾಡಿದ ಮೊದಲ ವಾರ ಲೆಕ್ಕಕ್ಕೆ ತಗೋಬೇಡಿ, ಅದರಲ್ಲಿ ಬಹುಪಾಲು ನೀರು. ಮುಟ್ಟಾಗೋ ಹೆಣ್ಣುಮಕ್ಕಳು ಹೋದ ತಿಂಗಳಿನ ಅದೇ ವಾರಕ್ಕೆ ಹೋಲಿಸಿದ್ರೆ ಇನ್ನೂ ಸರಿ.

ಒಂದು ಕೆಜಿ ಮೈಕೊಬ್ಬಿಗೆ ಸುಮಾರು 7700 ಕ್ಯಾಲೊರಿ. ನೀವು ಸರಾಸರಿ 1700 ಅಂತ ಬರೀತಿದ್ದೀರಿ, ಎರಡು ವಾರದಲ್ಲಿ 0.4 ಕೆಜಿ ಇಳಿದಿದೆ ಅಂದ್ಕೊಳ್ಳಿ. 0.4 ಇಂಟು 7700, 14 ದಿನಕ್ಕೆ ಭಾಗಿಸಿದ್ರೆ ದಿನಕ್ಕೆ 220. ಅಂದ್ರೆ ನಿಮ್ಮ ಬರವಣಿಗೆಯ ಲೆಕ್ಕದಲ್ಲಿ ತೂಕ ಹಾಗೇ ನಿಲ್ಲೋ ಅಂಕಿ 1920. ಕ್ಯಾಲ್ಕ್ಯುಲೇಟರ್ 2200 ಅಂದಿತ್ತಾ? ಇರ್ಲಿ ಬಿಡಿ. ಅದರ ಅಂದಾಜು ತಪ್ಪೋ, ನಿಮ್ಮ ಅಳತೆಯಲ್ಲಿ 280 ಸೋರ್ತಿದ್ಯೋ, ಯಾವುದಾದ್ರೂ ಸರಿ, ಇನ್ನು ಮುಂದೆ 1920ರಿಂದ ಕಳೀರಿ. ಎರಡು ಮೂರು ವಾರ ಕಾಯದೆ ಅಂಕಿ ಬದಲಾಯಿಸ್ಬೇಡಿ.

ವಾಚ್ ತೋರಿಸೋ ವ್ಯಾಯಾಮದ ಕ್ಯಾಲೊರಿಯನ್ನ ಮತ್ತೆ ಊಟಕ್ಕೆ ಸೇರಿಸ್ಬೇಡಿ, ಅದು ಬಹಳ ಸಲ ಜಾಸ್ತಿ ತೋರಿಸುತ್ತೆ, ಮೇಲಿನ ಲೆಕ್ಕದಲ್ಲಿ ನಿಮ್ಮ ಓಡಾಟ ಆಗ್ಲೇ ಸೇರಿದೆ.

ನೋಟ್‌ಬುಕ್ ನೋಡಿದ್ರೇ ಗೊತ್ತಾಗೋ ತಪ್ಪುಗಳು

ವಾರದ ಪುಟ ತಿರುವಿ ಹಾಕಿ. ಎಲ್ಲಾ ಅಂಕಿ 100, 150, 200 ಅಂತ ದುಂಡಗಿದ್ರೆ ತೂಗಿಲ್ಲ, ಊಹಿಸಿದ್ದೀರಿ. ಎಣ್ಣೆ ಅನ್ನೋ ಪದವೇ ಇಲ್ಲದ ದಿನ ನಂಬಬೇಡಿ. ಶನಿವಾರ ಭಾನುವಾರ ಖಾಲಿ ಇದ್ರೆ ಉಳಿದ ಐದು ದಿನದ ಸರಾಸರಿಗೆ ಅರ್ಥ ಇಲ್ಲ. ಒಂದು ಸೌಟು, ಸ್ವಲ್ಪ, ಮೀಡಿಯಂ ಅನ್ನೋ ಪದ ಜಾಸ್ತಿ ಕಂಡ್ರೆ ಹಂತ 6ಕ್ಕೆ ವಾಪಸ್ ಹೋಗಿ.

ಅಪಾಯದ ಸೂಚನೆಗಳು

ತಲೆಸುತ್ತು, ಯಾವಾಗ್ಲೂ ಚಳಿ, ಕೂದಲು ಉದುರೋದು, ಮುಟ್ಟು ನಿಲ್ಲೋದು, ನಿದ್ದೆ ಕೆಡೋದು, ಇವು ತೀರಾ ಕಮ್ಮಿ ತಿಂತಿದ್ದೀರಿ ಅನ್ನೋ ಲಕ್ಷಣ ಇರಬಹುದು, ಕಮ್ಮಿ ಮಾಡೋದು ನಿಲ್ಲಿಸಿ ಡಾಕ್ಟರ್ ಹತ್ರ ಹೋಗಿ. ದಿನಕ್ಕೆ 800 ಕ್ಯಾಲೊರಿಗಿಂತ ಕಮ್ಮಿ ತಿನ್ನೋ ಡಯಟ್ ಡಾಕ್ಟರ್ ನಿಗಾ ಇಲ್ಲದೆ ಮಾಡೋಹಾಗಿಲ್ಲ.

ಮನಸ್ಸಿನದ್ದೂ ನೋಡ್ಕೊಳ್ಳಿ. ತೂಗೋಕಾಗಲ್ಲ ಅಂತ ಊಟಕ್ಕೆ ಕರೆದ ಕಡೆ ಹೋಗದೇ ಇರೋದು, 5 ಗ್ರಾಂ ಜಾಸ್ತಿ ಆಯ್ತು ಅಂತ ಅಳು ಬರೋದು, ಬರೆದಿದ್ದನ್ನ ಮನೆಯವರಿಂದ ಬಚ್ಚಿಡೋದು, ಇದ್ಯಾವುದಾದ್ರೂ ಶುರುವಾಗಿದ್ರೆ ಸ್ಕೇಲ್ ಎತ್ತಿ ಕಪಾಟಲ್ಲಿಡಿ, ಯಾರ ಹತ್ರನಾದ್ರೂ ಮಾತಾಡಿ.

ಹಂತ 11: ತೂಗೋದನ್ನ ಕಮ್ಮಿ ಮಾಡೋದು

ಕೆಲವು ತಿಂಗಳು ಆದ್ಮೇಲೆ ತರಕಾರಿ, ಹಣ್ಣು, ತೆಳು ಸಾರು ತೂಗೋದು ಬಿಡಿ. ಎಣ್ಣೆ, ಬೀಜ, ಚೀಸ್, ಧಾನ್ಯ ಮಾತ್ರ ಮುಂದುವರಿಸಿ. ಆಮೇಲೆ ಬಿಡೋ ಮುಂಚೆ ಒಂದು ಪರೀಕ್ಷೆ ಮಾಡ್ಕೊಳ್ಳಿ: ತಟ್ಟೆಗೆ ಹಾಕಿ, ಇಷ್ಟು ಗ್ರಾಂ ಇರಬಹುದು ಅಂತ ಮೊದಲು ಬರೀರಿ, ಆಮೇಲೆ ತೂಗಿ. ಹತ್ತು ಸಲದಲ್ಲಿ ಎಂಟು ಸಲ ನಿಮ್ಮ ಊಹೆ ಶೇಕಡ 10ರೊಳಗೆ ಬಂದ್ರೆ ಆ ಪದಾರ್ಥ ತೂಗೋದು ಬಿಡಬಹುದು. ಎಣ್ಣೆಯಲ್ಲಿ ಈ ಪರೀಕ್ಷೆ ಪಾಸಾಗೋರು ಕಮ್ಮಿ, ಅದನ್ನ ಕೊನೆಗೆ ಬಿಡಿ. ಮೈತೂಕದ ವಾರದ ಸರಾಸರಿ ಸತತ ಮೂರು ವಾರ ಏರಿದ್ರೆ ಹಂತ 3 ಮತ್ತು 4ನ್ನ ಮಾತ್ರ ಒಂದು ವಾರ ಮತ್ತೆ ಮಾಡಿ, ಬಹಳ ಸಲ ಸೋರಿಕೆ ಸಿಗೋದು ಅಲ್ಲೇ.